ದಿನದ ಶುಭಸಂದೇಶವೂ ನನ್ನ ಬಾಮೈದನೂ

ಬೆಳಿಗ್ಗೆ ನಾನು ಬಾಯಲ್ಲಿ ಹೇಳಿದ್ದು ಸಂಜೆಯೊಳಗೆ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಏನು ಮಾಡಿದರೂ ತಪ್ಪಿದ್ದಲ್ಲ. ಬೇರೆಯವರು ಹೇಳಿದ ಬೋಧನೆ ಗಾಳಿಗೆ ಹೋಗುತ್ತದೆ, ನಾನು ಹೇಳಿದ್ದು ಮಾತ್ರ ನೇರ ಹೋಗಿ ಯಾರಿಗಾದರೂ ತಗುಲುತ್ತದೆ. ಅದರಲ್ಲೂ ಒಬ್ಬನಿಗೇ ತಗುಲುತ್ತದೆ.

ತಮಿಳು ಸೀಮೆಯ ಮಾರಂಡಹಳ್ಳಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಅದು ಹೊಟ್ಟೆಪಾಡು. ಇನ್ನೊಂದು ಕೆಲಸ ಉಪದೇಶಿಯದ್ದು. ಫಾದರ್ ಬರಲಾಗದ ದಿನ ಜನರನ್ನು ಕೂರಿಸಿ ಜಪ ಹೇಳಿಸೋದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸೋದು, ಯಾರಾದರೂ ತೀರಿಕೊಂಡರೆ ಹೋಗಿ ನಿಲ್ಲೋದು. ನಮ್ಮ ಗುಡಿಯಲ್ಲಿ ಪೂಜೆ, ಹಾಡು ಎಲ್ಲ ತಮಿಳು. ಮನೆಯೊಳಗೆ ಮಾತ್ರ ಕನ್ನಡ. ಒಂದು ದಿನ ಫಾದರ್ ಕರೆದು, "ಉಪದೇಶಿಯಾರೇ, ನಮ್ಮ ಪಾಟಿಂಗಳುಕ್ಕು ತಮಿಳ್ ಮನಸುಲ ಇರಂಗಲೆ. ದಿನಮುಂ ಕನ್ನಡತ್ತುಲ ರೆಂಡು ವಾರ್ತೈ ಪೇಸಿ ಅನುಪ್ಪುಂಗ" ಅಂದರು. ಅಜ್ಜಿಯರ ಮನಸ್ಸಿಗೆ ತಮಿಳು ಇಳಿಯಲ್ಲ, ನೀವು ದಿನಾ ಕನ್ನಡದಲ್ಲಿ ಎರಡು ಮಾತಾಡಿ ಕಳಿಸಿ, ಅಂತ.

ಹಂಗೆ ಶುರುವಾಯಿತು ನಮ್ಮ ವಾಟ್ಸಾಪ್ ಗ್ರೂಪು. ದಿನಾ ಬೆಳಿಗ್ಗೆ ಎದ್ದು, ಬಾಯಿ ತೊಳೆದು, ಆ ದಿನದ ಶುಭಸಂದೇಶ, ಅಂದರೆ ಯೇಸುಸ್ವಾಮಿಯ ಕಥೆಯಿಂದ ಒಂದು ಭಾಗ, ಓದಿ, ಅದು ನಮ್ಮ ಬದುಕಿಗೆ ಹೆಂಗೆ ಹೊಂದುತ್ತದೆ ಅಂತ ಫೋನಿನಲ್ಲಿ ಮಾತಾಡಿ ಕಳಿಸುತ್ತೇನೆ. ನಮ್ಮ ನಾಲ್ಕಾರು ಮನೆಯವರಿಗೆ ಅಂತ ಮಾಡಿದ್ದು. ಪಕ್ಕದ ಕುರಿಯೋರೂ, ರೈತರೂ ಸೇರಿಕೊಂಡರು. "ಸಾಮಿ ಯಾವ್ದಾದ್ರೇನು, ಮಾತು ನಮ್ದಲ್ವಾ" ಅಂತಾರೆ.

ಈಗ ಒಂದು ವಿಷಯ ಕಿವಿಗೊಟ್ಟು ಕೇಳಿ, ಯಾಕೆಂದರೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಯಾವ ದಿನ ಯಾವ ಶುಭಸಂದೇಶ ಅಂತ ಆರಿಸೋದು ನಾನಲ್ಲ! ಗುಡಿಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ ಬಂದಿರುತ್ತದೆ. ರೋಮಿನಲ್ಲಿ ಓದೋದೂ ಅದೇ, ಮಾರಂಡಹಳ್ಳಿಯಲ್ಲಿ ಓದೋದೂ ಅದೇ. ಇದನ್ನು ಲೋಕವೆಲ್ಲ ಒಪ್ಪುತ್ತದೆ, ಪಾಲಕೋಡ್‌ನಲ್ಲಿರುವ ನನ್ನ ಬಾಮೈದ ಒಬ್ಬ ಬಿಟ್ಟು.

ಅವನು ನನ್ನ ಹೆಂಡತಿಗೆ ಒಬ್ಬನೇ ತಮ್ಮ. ನನಗೆ ಒಬ್ಬಳೇ ಮಗಳು, ಮದುವೆಗೆ ಬಂದವಳು. ನಮ್ಮ ಕಡೆ ಹೆಣ್ಣಿನ ನಿಶ್ಚಯ ಅಂದರೆ ಸೋದರಮಾವ ಉಡುಗೊರೆಯ ಸೀರ್ ತಟ್ಟೆ ಹೊತ್ತುಕೊಂಡು ಬರಬೇಕು, ಕೈ ಹಿಡಿದು ಹುಡುಗಿಯನ್ನು ಮಣೆ ಮೇಲೆ ಕೂರಿಸಬೇಕು. ಅವನು ಬರಲಿಲ್ಲ ಅಂದರೆ, ಈ ಮನೆಯಲ್ಲಿ ಏನೋ ಕೆಟ್ಟದ್ದಿದೆ ಅಂತ ಗಂಡಿನವರು ಎದ್ದು ಹೋಗುತ್ತಾರೆ. ನಾವು ಯೇಸುಸ್ವಾಮಿಯ ಕಡೆ ಬಂದು ಎಷ್ಟೋ ತಲೆಮಾರು ಆಯಿತು, ಬಿಟ್ಟ ಪದ್ಧತಿಗಳೂ ಬೇಕಾದಷ್ಟಿವೆ. ಸೋದರಮಾವನನ್ನು ಬಿಡೋಕೆ ಮಾತ್ರ ಆಗಿಲ್ಲ. ಅಂಥಾ ಸೋದರಮಾವನ ಹತ್ತಿರ ನನಗೆ ಜಗಳ ಹತ್ತಿಕೊಂಡಿತು.

೧. ಬಂಡೆಯೂ ಮರಳೂ

ಬಾಮೈದ ಪಾಲಕೋಡ್‌ನಲ್ಲಿ ಹೊಸ ಮನೆ ಕಟ್ಟಿದ. ಕೆರೆ ಅಂಚಿನ ಜಾಗ, ಮಣ್ಣು ತುಂಬಿಸಿ ಎತ್ತರ ಮಾಡಿದ್ದ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದಲ್ಲಿ ಮನೆ ಒಕ್ಕಲು. "ಬಾವ, ಫಾದರ್ ಬಂದು ಮಂತ್ರಿಸಿ ಹೋಯ್ತಾರೆ. ಆಮೇಲೆ ನೀನು ಕನ್ನಡದಾಗೆ ನಾಲ್ಕು ಮಾತಾಡು, ನಮ್ಮವ್ರೆಲ್ಲ ಕೇಳ್ಲಿ" ಅಂತ ಪ್ರೀತಿಯಿಂದಲೇ ಕರೆದ.

ಬೆಳಿಗ್ಗೆ ಕ್ಯಾಲೆಂಡರ್ ನೋಡಿದೆ. ಮನೆ ಕಟ್ಟಿದ ಇಬ್ಬರ ಕಥೆ! ಒಬ್ಬ ಬಂಡೆಯ ಮೇಲೆ ಕಟ್ಟಿದ, ಇನ್ನೊಬ್ಬ ಮರಳಿನ ಮೇಲೆ. ಆಹಾ, ದೇವರೇ ಎತ್ತಿ ಕೊಟ್ಟಂಗಾಯಿತು ಅಂದುಕೊಂಡೆ.

ಬಂಡೆಯ ಭಾಗ ಹೇಳುವಾಗ ಎಲ್ಲರ ಮುಖವೂ ಅರಳಿತ್ತು. ಬಾಮೈದ ಮೀಸೆ ತಿರುವುತ್ತಿದ್ದ. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಶುಭಸಂದೇಶ ಓದೋದು ಎಲ್ಲಾದರೂ ಉಂಟಾ? ಮುಂದೆ ಹೋದೆ. ಮಾತಿನ ಆವೇಶ ಬಂದರೆ ನನಗೆ ಎದುರಿಗಿರೋರು ಕಾಣಿಸಲ್ಲ. ಮಳೆ ಬಂತು ಅಂದೆ, ಹೊಳೆ ನುಗ್ಗಿತು ಅಂದೆ, ಗಾಳಿ ಬೀಸಿ ಗೋಡೆಗೆ ಹೊಡೀತು ಅಂದೆ. "ಬುದ್ಧಿಯಿಲ್ಲದವನ ಮನೆ ದಡ್ ಅಂತ ಬಿತ್ತು!" ಅಂತ ಕೈ ಎತ್ತಿ ಕೆಳಕ್ಕೆ ಬಡಿದೆ.

ಎಲ್ಲರೂ ಒಟ್ಟಿಗೆ ತಲೆ ಎತ್ತಿ ಸೂರು ನೋಡಿದರು. ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ಕೆಮ್ಮಿದ. ಒಬ್ಬ ಅತ್ತೆ ಸದ್ದಿಲ್ಲದೆ ತನ್ನ ಚೇರು ಎತ್ತಿಕೊಂಡು ಹೋಗಿ ಅಂಗಳದಲ್ಲಿ ಕೂತಳು. ಅವಳ ಹಿಂದೆಯೇ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಹೊಸ ಮನೆಯ ಒಳಗೆ ಉಳಿದದ್ದು ನಾನು, ಬಾಮೈದ, ಗೋಡೆಯ ಮೇಲಿನ ಯೇಸುವಿನ ತಿರುಹೃದಯದ ಪಟ.

ಊಟಕ್ಕೆ ಕೂತಾಗ ಬಾಮೈದ ತಾನೇ ಬಂದು ನನ್ನ ಎಲೆಗೆ ಬಿರಿಯಾನಿ ಸುರಿದ. "ಬೇಗ ಬೇಗ ತಿನ್ನು ಬಾವ. ಮನೆ ಬೀಳಕ್ ಮುಂಚೆ ಕೈ ತೊಳ್ಕಂಬುಡು" ಅಂದ. ಅದೇ ಕೊನೆಯ ಮಾತು.

೨. ಅಮುಕಿ, ಕುಲುಕಿ

ಅವನು ಮಾತು ಬಿಟ್ಟ, ಗ್ರೂಪ್ ಬಿಡಲಿಲ್ಲ. ನಾನು ಕಳಿಸೋದನ್ನೆಲ್ಲ ಕೇಳುತ್ತಾನೆ ಅಂತ ಎರಡು ನೀಲಿ ಗೆರೆ ತೋರಿಸುತ್ತಿತ್ತು. "ಉಪದೇಶಿ ಎಲ್ರ ಮುಂದೆ ನನ್ನ ಮಾನ ಕಳ್ದ. ಕ್ಷಮೆ ಕೇಳ್ಲಿ, ಆಮೇಲೆ ನೋಡಾನ" ಅಂತ ಅಕ್ಕನಿಗೆ ಹೇಳಿ ಕಳಿಸಿದ. ನಾನು ಯಾಕಪ್ಪಾ ಕೇಳಲಿ? ಕೇಳೋದಾದರೆ ಕ್ಯಾಲೆಂಡರ್ ಅಚ್ಚು ಹಾಕಿದವರು ಕೇಳಲಿ!

ಅವನಿಗೆ ಪಾಲಕೋಡ್‌ನಲ್ಲಿ ಟೊಮೇಟೊ ಮಂಡಿ, ನಮ್ಮ ಬಾಯಲ್ಲಿ ತಕ್ಕಾಳಿ ಮಂಡಿ. ರೈತರು ತಂದ ಕ್ರೇಟುಗಳನ್ನು ಕೂಗಿ ಹರಾಜು ಮಾಡಿ ವ್ಯಾಪಾರಿಗಳಿಗೆ ಕೊಡಿಸೋ ಕೆಲಸ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಸೋಮವಾರ ಕ್ಯಾಲೆಂಡರಿನಲ್ಲಿ ಏನು ಬರಬೇಕು? ಕೊಡೋದಾದರೆ ಅಮುಕಿ, ಕುಲುಕಿ, ತುಂಬಿ ತುಳುಕೋ ಹಾಗೆ ಅಳೆದು ಕೊಡಿ, ನೀವು ಅಳೆದ ಅಳತೆಯಲ್ಲೇ ನಿಮಗೂ ಅಳೆಯುತ್ತಾರೆ ಅನ್ನೋ ಮಾತು. ರೆಕಾರ್ಡ್ ಮಾಡುವಾಗಲೇ ಬಾಮೈದ ನೆನಪಾದ. ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ ಹೇಳಿದೆ. ಒಂದು ಕಡೆಯೂ ತರಕಾರಿ ಅನ್ನಲಿಲ್ಲ, ಕ್ರೇಟು ಅನ್ನಲಿಲ್ಲ.

ಆದರೆ ಗ್ರೂಪಿನಲ್ಲಿದ್ದ ಯಾರೋ ಪುಣ್ಯಾತ್ಮ ಅದನ್ನು ಮಂಡಿಯಲ್ಲಿ ಜೋರಾಗಿ ಹಾಕಿದನಂತೆ. ಸೇಲಂನಿಂದ ಬಂದ ವ್ಯಾಪಾರಿಯೊಬ್ಬ, "ಎನ್ನ ಸೊಲ್ರಾರು?", ಏನು ಹೇಳ್ತಾರೆ, ಅಂತ ಕೇಳಿ ಅರ್ಥ ತಿಳಿದುಕೊಂಡು ಖುಷಿಯಾಗಿಬಿಟ್ಟ. "ಉಂಗ ಮಚ್ಚಾನೇ ಸೊಲ್ಲಿಟ್ಟಾರು, ನಲ್ಲಾ ಅಮುಕ್ಕಿ ಪೋಡುಂಗ" ಅಂದ. ನಿಮ್ಮ ಬಾವನೇ ಹೇಳಿದ್ದಾರೆ, ಚೆನ್ನಾಗಿ ಅಮುಕಿ ತುಂಬಿಸಿ, ಅಂತ. ಲೋಡ್ ಮಾಡೋರು ನಿಜವಾಗಿ ಅಮುಕಿದರು, ಕುಲುಕಿದರು. ತುಂಬಿ ತುಳುಕಿತು. ಲಾರಿ ಕೆಳಗೆ ಕೆಂಪಗೆ ಹರಿಯಿತು.

ಮಧ್ಯಾಹ್ನ ಗ್ರೂಪಿನಲ್ಲಿ ಬಾಮೈದನ ದನಿ ಬಂತು. ತಿಂಗಳುಗಳಾದ ಮೇಲೆ ಮೊದಲ ಸಲ. ನನ್ನ ಹೆಂಡತಿ ಕೈ ಒರೆಸಿಕೊಂಡು ಓಡಿ ಬಂದಳು, ತಮ್ಮ ರಾಜಿಗೆ ಬಂದ ಅಂತ. ಅವನು ಹೇಳಿದ್ದು ಇಷ್ಟೇ: "ಉಪದೇಶಿಯಾರಿಗೆ ಸ್ತೋತ್ರ. ಯೇಸುಸಾಮಿ ಏಳಿದ್ದು ರಾಗಿಗೆ, ತಕ್ಕಾಳಿಗಲ್ಲ."

೩. ಇನ್ನೊಂದು ಕೆನ್ನೆ

ಅಷ್ಟರಲ್ಲಿ ಮಗಳಿಗೆ ಸಂಬಂಧ ಕೂಡಿಬಂತು. ಸೇಲಂ ಹುಡುಗ, ಒಳ್ಳೆಯವನು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನ್ನ ಮಗಳಿಗೂ ಮನಸ್ಸಾಗಿತ್ತು. ಹುಡುಗನ ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ, "ಪೊಣ್ಣುಕ್ಕು ತಾಯ್‌ಮಾಮನ್ ಯಾರು?" ಹುಡುಗಿಯ ಸೋದರಮಾವ ಯಾರು, ಅಂತ. ನನ್ನ ಹೆಂಡತಿ ನಗುನಗುತ್ತಾ, "ಪಾಲಕೋಡ್‌ಲ ಪೆರಿಯ ಮಂಡಿ" ಅಂದಳು, ದೊಡ್ಡ ಮಂಡಿಯವನು ಅಂತ. ಅವರು ಹೋದ ಮೇಲೆ ಆ ನಗು ಎಲ್ಲಿ ಹೋಯಿತೋ! "ನಿಮ್ಮ ನಾಲಿಗೆಯಿಂದ ಅವ್ನು ದೂರ ಓಗಿದ್ದು. ನೀವೇ ಓಗಿ ಕರ್ಕಂಬನ್ನಿ. ಇಲ್ದಿದ್ರೆ ನನ್ ಮಗ್ಳು ಮಣೆ ಏರಕ್ಕಿಲ್ಲ" ಅಂದಳು.

ಹೋದೆ. ಬಿಳಿ ಅಂಗಿ ಹಾಕಿ, ಎಲೆ ಅಡಿಕೆ ಬಾಳೆಹಣ್ಣಿನ ತಟ್ಟೆ ಹಿಡಿದು ಬಸ್ಸು ಹತ್ತಿದೆ. ಹತ್ತಿದ ಮೇಲೆ ನೆನಪಾಯಿತು, ಬೆಳಿಗ್ಗೆ ಕಳಿಸಿದ ಶುಭಸಂದೇಶ ಯಾವುದು ಅಂತ. ಇಳಿದುಬಿಡೋಣ ಅಂದರೆ ಕಂಡಕ್ಟರ್ ಟಿಕೆಟ್ ಹರಿದಾಗಿತ್ತು.

ಮಂಡಿಯಲ್ಲಿ ಬಾಮೈದ ಕವುಚಿಟ್ಟ ಕ್ರೇಟಿನ ಮೇಲೆ ಕೂತಿದ್ದ. ನನ್ನನ್ನು ನೋಡಿಯೂ ಏಳಲಿಲ್ಲ.

"ನಿನ್ನ ಸೊಸೆ ನಿಶ್ಚಯ. ನೀನು ಬರಬೇಕು" ಅಂದೆ.

"ಕ್ಷಮೆ ಕೇಳು, ಬತ್ತೀನಿ."

"ತಪ್ಪು ಮಾಡಿದ್ದರೆ ಕೇಳ್ತಿದ್ದೆ. ಕ್ಯಾಲೆಂಡರಿನಲ್ಲಿ ಇದ್ದದ್ದು ಹೇಳಿದೆ."

"ಓಹೋ, ಕ್ಯಾಲೆಂಡರು!" ಅಂತ ಎದ್ದ. "ಇವತ್ತು ಬೆಳಿಗ್ಗೆ ಕ್ಯಾಲೆಂಡರು ಏನ್ ಏಳ್ತು? ಒಂದು ಕೆನ್ನೆಗೆ ಒಡುದ್ರೆ?"

"ಇನ್ನೊಂದು ತೋರಿಸಬೇಕು."

"ಯಾರು?"

"ಎಲ್ಲರೂ."

"ನೀನೂ?"

ಹರಾಜು ಕೂಗುತ್ತಿದ್ದವನು ನಿಲ್ಲಿಸಿದ. ಲೋಡ್ ಹೊತ್ತವರು ಕ್ರೇಟು ಇಳಿಸಿದರು. ಮಂಡಿಯೆಲ್ಲ ನಮ್ಮ ಸುತ್ತ. ಓಡಿದರೆ ನಾಳೆಯಿಂದ ನನ್ನ ಬೋಧನೆ ಯಾರು ಕೇಳುತ್ತಾರೆ? ಅವನು ಹೊಡೆದನೋ, ಅಲ್ಲಿಗೆ ಸಂಬಂಧವೇ ಮುಗೀತು, ಮಗಳ ನಿಶ್ಚಯವೂ ಮುಗೀತು. ತಟ್ಟೆಯ ಮೇಲಿನ ಬಾಳೆಹಣ್ಣು ನಡುಗುತ್ತಿತ್ತು. ನನಗೂ ಕೋಪ ಕಮ್ಮಿಯೇನಲ್ಲ. "ನಾನೂ!" ಅಂತ ಕೂಗಿ ಕೆನ್ನೆ ಮುಂದೆ ಮಾಡಿ ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಕಾದೆ. ಆಗಲೂ ಬೀಳಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಬಾಮೈದ ಕೈ ಎತ್ತಿ ನಿಂತಿದ್ದಾನೆ, ಆ ಕೈ ನನ್ನ ತಟ್ಟೆಗಿಂತ ಜೋರಾಗಿ ನಡುಗುತ್ತಿದೆ. ಇಳಿಸಿದರೆ ಮಾನ ಹೋಗುತ್ತದೆ, ಹೊಡೆದರೆ ಅಕ್ಕ ಹೋಗುತ್ತಾಳೆ.

ಲೋಡ್ ಮಾಡೋನೊಬ್ಬ ನಡುವೆ ಬಂದ. "ಅಣ್ಣಾ, ಒಡೀಬ್ಯಾಡಣ್ಣಾ. ಒಂದು ಒಡುದ್ರೆ ಅವ್ರು ಇನ್ನೊಂದು ತೋರುಸ್ತಾರೆ. ಅದಕ್ಕೂ ಒಡುದ್ರೆ ಮತ್ತೆ ಮೊದಲ್ನೇದು ತೋರುಸ್ತಾರೆ. ಇದು ಮುಗಿಯೋ ಕೆಲ್ಸ ಅಲ್ಲ. ಲಾರಿ ಓಗ್ಬೇಕು."

ಮಂಡಿ ಬಿದ್ದು ಬಿದ್ದು ನಕ್ಕಿತು. ನಾವಿಬ್ಬರೇ ನಗಲಿಲ್ಲ. ತಟ್ಟೆ ಹಾಗೇ ವಾಪಸ್ ತಂದೆ.

೪. ತೊಂಬತ್ತೊಂಬತ್ತು

ಹೆಂಡತಿ ನನ್ನ ಜೊತೆ ಮಾತು ನಿಲ್ಲಿಸಿದಳು. ಮುದ್ದೆ ತಟ್ಟೆಗೆ ಬೀಳೋ ಸದ್ದಿನಲ್ಲೇ ಅವಳ ಕೋಪ ತಿಳಿಯುತ್ತಿತ್ತು. ಮಗಳು ನಗೋದು ಬಿಟ್ಟಳು, ಅದೇ ನನಗೆ ಜಾಸ್ತಿ ನೋವು. ಆಡಿ ಮಾಸ, ತಮಿಳರ ಆಷಾಢ, ಕಳೆದ ಮೇಲೆ ನಿಶ್ಚಯ ಅಂತ ದಿನವೂ ಗೊತ್ತಾಗಿತ್ತು.

ನಮ್ಮ ಪಕ್ಕದಲ್ಲಿ ಕುರಿ ಸಾಕೋ ಅಜ್ಜಿ ಇದ್ದಾಳೆ. ಮಾರಮ್ಮನ ಒಕ್ಕಲು, ಆದರೆ ನನ್ನ ಬೋಧನೆ ಒಂದು ದಿನವೂ ತಪ್ಪಿಸಲ್ಲ. ಬಾಮೈದನನ್ನು ಮಗುವಾಗಿದ್ದಾಗಿಂದ ಬಲ್ಲವಳು. ಅವಳ ಮಾತು ಅವನು ತೆಗೆದುಹಾಕಲ್ಲ ಅಂತ ಹೆಂಡತಿ ಅವಳನ್ನು ರಾಯಭಾರಕ್ಕೆ ಕಳಿಸಲು ಒಪ್ಪಿಸಿದಳು. ಹೊರಡೋ ಮುಂಚೆ ಅಜ್ಜಿ ನನ್ನ ಅಂಗಡಿಗೆ ಬಂದಳು. ಅವತ್ತಿನ ಶುಭಸಂದೇಶ ಕಳೆದುಹೋದ ಕುರಿಯದ್ದು. ನೂರರಲ್ಲಿ ಒಂದು ದಾರಿ ತಪ್ಪಿತು, ಕುರುಬ ಉಳಿದದ್ದನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದ.

"ಲಾ ಉಪದೇಶಿ, ಆ ತೊಂಬತ್ತೊಂಬತ್ತ ಎಲ್ಲಿ ಬುಟ್ಟ?"

"ಬೆಟ್ಟದ ಮೇಲೆ ಅಜ್ಜಿ."

"ನಾಯಿ ಇತ್ತಾ?"

"ಅದು ಬರೆದಿಲ್ಲ."

"ದೊಡ್ಡಿ?"

"ಅದೂ ಇಲ್ಲ."

"ತೋಳ ಇರೋ ಬೆಟ್ಟವಾ?"

"ಅಜ್ಜಿ, ಅದು ದೇವರ ಪ್ರೀತಿಯ ವಿಷಯ. ಒಂದೊಂದು ಪ್ರಾಣವೂ ದೇವರಿಗೆ ದೊಡ್ಡದು ಅಂತ."

"ಪ್ರೀತಿ ಇರ್ಲಿ. ಕುರಿ ಎಂಗಾದ್ವು?" ಅಂತ ಗೊಣಗುತ್ತಾ ಬಸ್ಸು ಹತ್ತಿದಳು.

ಆ ಹೊತ್ತೆಲ್ಲ ನಾನು ಹೊಲಿದದ್ದು ಒಂದೂ ನೆಟ್ಟಗಿರಲಿಲ್ಲ. ಸಂಜೆ ಬಸ್ಸು ಬಂದಾಗ ನಾನು, ಹೆಂಡತಿ ಇಬ್ಬರೂ ಸ್ಟಾಪಿನಲ್ಲೇ ನಿಂತಿದ್ದೆವು, ಎರಡು ಮಾರು ದೂರ ದೂರ. ಅಜ್ಜಿ ಇಳಿದಳು. ಮುಖದಲ್ಲಿ ನಗು.

"ಕೇಳ್ದ ಕಣವ್ವಾ ನಿನ್ ತಮ್ಮ, 'ಕಳ್ದೋದ ಕುರಿ ಅಂತ ನನ್ನೇ ಅಂದಿದ್ದಾ ನಮ್ ಬಾವ?' ಅಂತ. ನಾನಂದೆ, 'ಅವನ್ ಮಾತ ಮನ್ಸಿಗೆ ಅಚ್ಕಬ್ಯಾಡ ಮಗಾ, ಅವ್ನಿಗೆ ಕುರಿ ಮೇಯ್ಸಕ್ಕೇ ಬರಕ್ಕಿಲ್ಲ' ಅಂತ. ನಕ್ಕ ನೋಡು! ಒಟ್ಟೆ ಇಡ್ಕಂಡು ನಕ್ಕ. ಕಾಪಿ ಕೊಡ್ಸಿದ, ಬೋಂಡ ಕೊಡ್ಸಿದ. ಆಮೇಲೆ ಕುರಿ ಇಸ್ಯಾನೇ ಮಾತಾಡ್ತಾ ಕುಂತೋ."

ನನ್ನ ಹೆಂಡತಿಯ ಕಣ್ಣು ತುಂಬಿತು. "ನಿಶ್ಚಯಕ್ಕೆ ಬತ್ತಾನಂತಾ ಅಜ್ಜಿ?"

ಅಜ್ಜಿ ನಿಂತಳು. ಬಸ್ಸಿನ ಕಡೆ ತಿರುಗಿ ನೋಡಿದಳು. ಬಸ್ಸು ಹೋಗಿತ್ತು.

"ಅಯ್ಯೋ ಶಿವನೇ, ಅದ್ನ ಕೇಳೋದೇ ಮರ್ತ್ಬುಟ್ಟೆ" ಅಂದಳು.

೫. ಕರೆದರೂ ಬಾರದವರು

ನಿಶ್ಚಯ ಗುರುವಾರ. ಹಿಂದಿನ ದಿನ ಸಂಜೆ ಕ್ಯಾಲೆಂಡರ್ ಹಾಳೆ ಎತ್ತಿ ನೋಡಿದೆ. ನೋಡಿ ಗೋಡೆ ಹಿಡಿದುಕೊಂಡೆ.

ರಾಜ ಮಗನ ಮದುವೆ ಊಟಕ್ಕೆ ಕರೆದ ಕಥೆ. ಕರೆದವರು ಬರಲಿಲ್ಲ. ರಾಜನಿಗೆ ಸಿಟ್ಟು ಬಂದು ದಂಡು ಕಳಿಸಿ ಅವರ ಊರಿಗೇ ಬೆಂಕಿ ಇಡಿಸಿದ. ಇವರು ನನ್ನ ಊಟಕ್ಕೆ ಯೋಗ್ಯರಲ್ಲ ಅಂತ ಬೀದಿಯಲ್ಲಿ ಹೋಗೋರನ್ನೆಲ್ಲ ಕರೆದು ಕೂರಿಸಿದ.

ಇದನ್ನು ನಿಶ್ಚಯದ ಬೆಳಿಗ್ಗೆ ಬಾಮೈದನ ಕಿವಿಗೆ ಕಳಿಸಬೇಕಾ ನಾನು? ಹೆಂಡತಿಗೆ ಹೇಳಿದೆ. ಅವಳು ತಿಂಗಳುಗಟ್ಟಲೆ ಬಿಟ್ಟಿದ್ದ ಮಾತು ಆಗ ಒಟ್ಟಿಗೆ ಬಂತು. "ನಾಳೆ ನೀವು ಬಾಯಿ ಬಿಟ್ರೆ ನಾನೇ ಬೆಂಕಿ ಇಡ್ತೀನಿ!" ನನ್ನ ಫೋನು ಕಿತ್ತುಕೊಂಡು, ಆಫ್ ಮಾಡಿ, ರಾಗಿ ಡಬ್ಬದೊಳಗೆ ಹೂತಳು.

ಜ್ವರ ಬಂದಾಗಲೂ ಕಳಿಸಿದ್ದೆ, ಗಂಟಲು ಕಟ್ಟಿದಾಗ ಪಿಸುಗುಟ್ಟಿ ಕಳಿಸಿದ್ದೆ. ಗ್ರೂಪು ಶುರುವಾದ ಮೇಲೆ ಮೊದಲ ಸಲ ಆ ಬೆಳಿಗ್ಗೆ ನಾನು ಸುಮ್ಮನಿದ್ದೆ.

ಬಾಗಿಲ ಮುಂದೆ ಶಾಮಿಯಾನ ಹಾಕಿದರು, ಚೇರು ಹರಡಿದರು. ಸೇಲಂನವರ ವ್ಯಾನು ಹೇಳಿದ ಹೊತ್ತಿಗೆ ಮುಂಚೆಯೇ ಬಂತು. ಮಗಳು ಒಳಗೆ ಸೀರೆ ಉಟ್ಟು ಗೋಡೆಗೆ ಒರಗಿ ನಿಂತಿದ್ದಳು, ಮಣೆ ಖಾಲಿ. ಹೆಂಡತಿ ಬಾಗಿಲಲ್ಲಿ ನಿಂತು ರಸ್ತೆ ನೋಡೋದು, ಸೆರಗಿನಲ್ಲಿ ಕಣ್ಣು ಒರೆಸೋದು. ಹುಡುಗನ ಅಪ್ಪ ನನ್ನನ್ನು ಬಿಡಲಿಲ್ಲ. "ತಾಯ್‌ಮಾಮನ್ ವಂದುಟ್ಟಾರಾ?" ಬಂದರಾ?

"ವಂದುಕ್ಕಿಟ್ಟಿರುಕ್ಕಾರು" ಅಂದೆ. ಬರ್ತಾ ಇದ್ದಾರೆ. ದೇವರೇ, ಉಪದೇಶಿ ಬಾಯಲ್ಲಿ ಸುಳ್ಳು! ನಾವು ಕ್ರೈಸ್ತರು ರಾಹುಕಾಲ ನೋಡಲ್ಲ, ಗಡಿಯಾರ ಮಾತ್ರ ನೋಡುತ್ತಾನೇ ಇರುತ್ತೇವೆ. ಗಂಡಿನ ಕಡೆಯ ಹೆಂಗಸರು ಕಿವಿಗೆ ಬಾಯಿ ಇಟ್ಟು ಮಾತಾಡತೊಡಗಿದರು. ಹುಡುಗನ ಅಪ್ಪ ಕೊನೆಗೆ ಎದ್ದು ಪಂಚೆ ಸರಿ ಮಾಡಿಕೊಂಡ.

ಆಗ ರಸ್ತೆ ತಿರುವಿನಲ್ಲಿ ಬಾಮೈದನ ತಕ್ಕಾಳಿ ವ್ಯಾನು ಕಾಣಿಸಿತು. ಬಂದ! ನಾನು ಪನ್ನೀರು ದಾನಿ ಹಿಡಿದುಕೊಂಡು ಓಡಿದೆ. ಹತ್ತಿರ ಬಂದಂತೆ ವ್ಯಾನಿನೊಳಗಿಂದ ಗೋಳಾಟ ಕೇಳಿಸಿತು. ನಿಂತ ತಕ್ಷಣ ಹಿಂದಿನಿಂದ ಅತ್ತೆ, ಚಿಕ್ಕಮ್ಮ ಎಲ್ಲ ತಲೆಗೂದಲು ಬಿಚ್ಚಿಕೊಂಡು ಎದೆ ಬಡಿದುಕೊಳ್ಳುತ್ತಾ ಇಳಿದರು. ಮುಂದಿನಿಂದ ಬಾಮೈದ ಇಳಿದ. ಲುಂಗಿ, ಬನಿಯನ್ನು. ಒಂದು ಕೈಯಲ್ಲಿ ಆಳೆತ್ತರದ ರೋಜಾ ಮಾಲೆ. ಇನ್ನೊಂದು ಕೈಯಲ್ಲಿ ಒಂದು ಹೊಸ ಸೀರೆ.

ಆ ಸೀರೆ ಏನಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಡ ಸತ್ತ ಹೆಂಗಸಿಗೆ ತವರಿನವರು ತಂದು ಹೊದಿಸೋ ಕೋಡಿ ಸೀರೆ ಅದು.

"ಅಯ್ಯೋ ಬಾವಾ! ಓಗ್ಬುಟ್ಯಾ ಬಾವಾ! ದಿನಾ ನಿನ್ ಗಂಟ್ಲು ಕೇಳ್ದೆ ನಾನು ಕಾಪಿ ಕುಡೀತಿರ್ಲಿಲ್ವಲ್ಲ ಬಾವಾ!" ಅಂತ ಅಳುತ್ತಾ ಶಾಮಿಯಾನದೊಳಗೆ ನುಗ್ಗಿದವನು ನನ್ನ ಮೇಲೇ ಬಂದು ಬಿದ್ದ. ತಲೆ ಎತ್ತಿ ನೋಡಿದ. ನಾನು ಪನ್ನೀರು ಹಿಡಿದುಕೊಂಡು ನಿಂತಿದ್ದೆ.

ಅವನ ಬಾಯಿ ತೆರೆದದ್ದು ತೆರೆದಂಗೇ ಇತ್ತು. ಗಂಡಿನ ಕಡೆಯವರೆಲ್ಲ ಎದ್ದು ನಿಂತರು. "ಎನ್ನ ಆಚ್ಚು?", ಏನಾಯಿತು, ಅಂತ ಹುಡುಗನ ಅಪ್ಪ ಮುಂದೆ ಬಂದ. ನಿಶ್ಚಯದ ಮನೆಗೆ ಸಾವಿನ ಅಳು ಬಂತು ಅಂತ ಗೊತ್ತಾಯಿತೋ, ವ್ಯಾನು ಹತ್ತಿ ಸೇಲಂಗೆ ಹೋಗುತ್ತಾರೆ, ತಿರುಗಿ ಬರಲ್ಲ.

ಬಾಮೈದ ಮಂಡಿ ವ್ಯಾಪಾರಿ ಸ್ವಾಮಿ, ಗಳಿಗೆಯಲ್ಲಿ ರೇಟು ಬದಲಾಯಿಸೋನು. ಮಾಲೆಯನ್ನು ನನ್ನ ಕೊರಳಿಗೆ ಹಾಕಿದ. ತಬ್ಬಿಕೊಂಡ. ಅಳು ಮಾತ್ರ ನಿಲ್ಲಿಸಲಿಲ್ಲ, ಅದು ನಿಲ್ಲೋ ಅಳು ಆಗಿರಲಿಲ್ಲ. ಬಿಸಿ ಕಣ್ಣೀರು ನನ್ನ ಕತ್ತಿನ ಮೇಲೆ ಇಳಿಯಿತು. ನನಗೂ ಅಳು ತಡೆಯಲಾಗಲಿಲ್ಲ. ಹಿಂದೆ ಒಬ್ಬ ಅತ್ತೆಗೆ ರಾಗ ಅರ್ಧಕ್ಕೆ ನಿಲ್ಲಿಸೋಕೆ ಬರಲಿಲ್ಲ. "ನಮ್ಮೆಲ್ಲಾರ ಬುಟ್ಟು ಓಯ್ತಿದ್ಯಲ್ಲೋ ನನ್ನಪ್ಪಾ" ಅಂತ ಎತ್ತಿದವಳು ಸುತ್ತ ನೋಡಿ, ಉಸಿರು ಬಿಡದೆ, "ಗಂಡನ್ ಮನೆಗೆ ಓಯ್ತಿದ್ಯಲ್ಲೇ ನನ್ನವ್ವಾ" ಅಂತ ಮಗಳ ಕಡೆ ತಿರುಗಿಸಿಬಿಟ್ಟಳು.

ಹುಡುಗನ ಅಪ್ಪನ ಕಣ್ಣೂ ಒದ್ದೆ. ತನ್ನ ಕಡೆಯವರ ಹತ್ತಿರ ತಿರುಗಿ, ನಮ್ಮ ಸೇಲಂನಲ್ಲಿ ಯಾವ ತಾಯ್‌ಮಾಮ ನಿಶ್ಚಯಕ್ಕೇ ಇಷ್ಟು ಅಳುತ್ತಾನೆ, ಪ್ರೀತಿ ಅಂದರೆ ಇದು, ಅಂತ ತಮಿಳಿನಲ್ಲಿ ಹೊಗಳಿದ.

ಸೀರ್ ತಟ್ಟೆಗೆ ಏನು ಮಾಡೋದು? ವ್ಯಾನಿನಲ್ಲಿ ಇದ್ದದ್ದು ತಕ್ಕಾಳಿ ಮಾತ್ರ. ಹೆಂಡತಿ ತಟ್ಟೆಗಳಿಗೆ ಅದನ್ನೇ ಗೋಪುರ ಮಾಡಿ ಮೇಲೆ ಹೂವಿಟ್ಟಳು. ಆ ವಾರ ತಕ್ಕಾಳಿ ಸೇಬಿಗಿಂತ ದುಬಾರಿ, ಗಂಡಿನ ಕಡೆ ಹೆಂಗಸರು ಹುಬ್ಬೇರಿಸಿ ನೋಡಿದರು. ಕೋಡಿ ಸೀರೆ ಮಾತ್ರ ಯಾರೂ ಮುಟ್ಟಲೊಲ್ಲರು. ಕುರಿ ಅಜ್ಜಿ ಅದನ್ನು ಸರಕ್ಕನೆ ಎಳೆದುಕೊಂಡು, "ನನ್ ಗಂಡ ಯಾವತ್ತೋ ಓದ, ನಂಗ್ಯಾವ ಭಯ" ಅಂತ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಬಾಮೈದ ನನ್ನ ಅಂಗಿ ಹಾಕಿಕೊಂಡು, ಸೊಸೆಯ ಕೈ ಹಿಡಿದು ಮಣೆ ಮೇಲೆ ಕೂರಿಸಿದ. ಮಗಳು ನಕ್ಕಳು. ಅಷ್ಟು ತಿಂಗಳಲ್ಲಿ ನಾನು ನೋಡಿದ ಮೊದಲ ನಗು.

ಎಲ್ಲ ಮುಗಿದ ಮೇಲೆ ಹೆಂಡತಿ ಅವನನ್ನು ಅಡಿಗೆಮನೆ ಹಿಂದಕ್ಕೆ ಎಳೆದುಕೊಂಡು ಹೋದಳು. ನಾನೂ ಮಾಲೆ ಸಮೇತ ಹೋದೆ. "ಏನೋ ಇದು? ಯಾರೋ ಏಳಿದ್ದು ನಿಂಗೆ?"

"ಯಾರ್ ಏಳ್ಬೇಕು ಅಕ್ಕ? ಬೆಳಿಗ್ಗೆ ಕಾದೆ, ಬಾವನ ಮಾತು ಬರ್ಲಿಲ್ಲ. ಫೋನ್ ಮಾಡ್ದೆ, ಆಫ್. ನಿಂಗ್ ಮಾಡ್ದೆ, ನೀನು ಎತ್ಲಿಲ್ಲ. ಹಾಲಿನ ವ್ಯಾನ್ ಡ್ರೈವರ್ ನಿಮ್ ಮನೆ ಮುಂದೆ ಬಂದಿದ್ನಲ್ಲ, ಅವುನ್ನ ಕೇಳ್ದೆ. ಶಾಮಿಯಾನ ಆಕವ್ರೆ, ಚೇರ್ ಆಕವ್ರೆ, ಅಕ್ಕ ಬಾಗ್ಲಲ್ಲಿ ನಿಂತು ಅಳ್ತಾವ್ರೆ ಅಂದ. ನಿಶ್ಚಯ ಅಂತ ಗೊತ್ತಿತ್ತು. ನಿಶ್ಚಯದ್ ಮನೇಲಿ ನೀನ್ಯಾಕೆ ಅಳ್ತೀಯ? ಬಾವ ಯಾಕೆ ಸುಮ್ಕಿರ್ತಾನೆ?"

"ಬದ್ಕಿರೋವಾಗ ಬಾರೋ ಅಂದ್ರೆ ಬರ್ಲಿಲ್ಲ. ಸತ್ರು ಅಂದ ತಕ್ಷಣ ಓಡ್ಬಂದ್ಯಲ್ಲೋ!" ಹೆಂಡತಿ ಅವನ ಬೆನ್ನಿಗೆ ಒಂದು ಕೊಟ್ಟಳು. ಕೊಟ್ಟ ಕೈಯಲ್ಲೇ ಅವನ ತಲೆ ಸವರಿದಳು.

ಎಂಟು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ನನಗೂ ಆಗ ಬಾಯಿಗೆ ಬಂತು. "ಲೋ, ನನ್ನದು..." ಅಂದೆ.

"ಬ್ಯಾಡ ಬಾವ, ಏನೂ ಏಳ್ಬ್ಯಾಡ" ಅಂತ ಕೈ ಅಡ್ಡ ಹಿಡಿದ. "ಬರೋವಾಗ ರೈಲ್ವೆ ಗೇಟ್ ಆಕಿದ್ರು. ವ್ಯಾನಲ್ಲಿ ಸುಮ್ಕೆ ಕುಂತಿದ್ದೆ. ಅಳು ಬಂತು. ಸತ್ತೋನ್ ಮೇಲೆ ಏನ್ ಕೋಪ ಅಂತ ಅಲ್ಲೇ ನಿನ್ನ ಕ್ಷಮಿಸ್ಬುಟ್ಟೆ."

ಆಮೇಲೆ ನನ್ನನ್ನು ಮಾಲೆಯಿಂದ ಕಾಲುಬೆರಳವರೆಗೆ ಒಂದು ಸಲ ನೋಡಿದ.

"ನೀನು ಬದ್ಕಿದ್ದೀಯಾ ಅಂತ ಗೊತ್ತಿದ್ದಿದ್ರೆ, ದೇವ್ರಾಣೆಗೂ ಕ್ಷಮಿಸ್ತಿರ್ಲಿಲ್ಲ."